ಅತ್ತೆ ಸೊಸೆಯ ಒಂದೇ ಫೋಟೊ

ಗೆಳೆಯರೇ, ನನ್ನವರು ಡಯಾಲಿಸಿಸ್‌ನಲ್ಲೇ ತೀರಿಕೊಂಡರು; ಕಿಡ್ನಿ ಕಸಿಗೆ ದಾರಿಯಿದೆಯೆಂದು ನಮಗೆ ಯಾರೂ ಹೇಳಿರಲಿಲ್ಲ. ಈಗ ಅದನ್ನು ಹೇಳಲು ನಾನೇ ಲಿಂಗಸುಗೂರಿನ ಡಯಾಲಿಸಿಸ್ ವಾರ್ಡಿಗೆ ಹೋಗುತ್ತೇನೆ.

ಇವತ್ತು ಅಲ್ಲಿ ಮಸ್ಕಿಯ ಈರಮ್ಮ, ಸೊಸೆ ಗಂಗಮ್ಮನಿಗೆ ತಮ್ಮ ಕಿಡ್ನಿ ಕೊಡಲು ನನ್ನಿಂದ ಅರ್ಜಿ ಬರೆಸುತ್ತಿದ್ದರು. ಅತ್ತೆಯದು ರಕ್ತಸಂಬಂಧವಲ್ಲ, ಒಪ್ಪಿಗೆ ಕೊಡುವ ಸಮಿತಿ ಪ್ರೀತಿಗೆ ಪುರಾವೆ ಕೇಳುತ್ತದೆ, ಇಬ್ಬರ ಫೋಟೊ ಬೇಕು ಎಂದೆ.

"ನಮ್ಮ ಜಗಳದಾಗ ಫೋಟೊಕ್ಕ ಪುರಸೊತ್ತರ ಎಲ್ಲೈತ್ರೀ?" ಎಂದಳು ಮಂಚದ ಮೇಲಿದ್ದ ಸೊಸೆ.

"ಬಾಯಿ ಮುಚ್ಚಬೇ! ನನ್ನ ಕಿಡ್ನಿ ಹಾಕ್ಕೊಂಡ ಮ್ಯಾಲೆ ಜಗಳಾಡುವಂತಿ," ಎನ್ನುತ್ತ ಅತ್ತೆ ಅವಳ ಸೆರಗು ಸರಿಪಡಿಸಿದರು.

ಆಗಲೇ ಫೋಟೊ ತೆಗೆದೆ. ಇಬ್ಬರ ಬಾಯಿಯೂ ತೆರೆದಿದೆ, ಅತ್ತೆಯ ಕೈ ಸೊಸೆಯ ಹೆಗಲ ಮೇಲಿದೆ. ಇದನ್ನೂ ಒಪ್ಪದಿದ್ದರೆ, ಸಮಿತಿಯವರ ಮನೆಗಳಲ್ಲಿ ಅತ್ತೆ ಸೊಸೆಯರೇ ಇಲ್ಲವೆಂದುಕೊಳ್ಳುತ್ತೇನೆ.