ಗಂಗತ್ತೆಯ ಹೆಸರಿನ ತಟ್ಟೆ

ಪಾತ್ರೆಯ ಮೇಲೆ ಹೆಸರು ಹಾಕುವ ಮಷೀನಿನ ಸದ್ದು ಗೊತ್ತಿರುವವರಿಗೆ ಅದನ್ನು ಬಣ್ಣಿಸಬೇಕಾಗಿಲ್ಲ. ಹಲ್ಲಿನ ಡಾಕ್ಟರ ಕೋಣೆಯಿಂದ ಬರುವ ಸದ್ದಿಗೆ ಅದು ತಮ್ಮನಾಗಬೇಕು, ಆದರೆ ಇದರಿಂದ ಯಾರಿಗೂ ನೋವಿಲ್ಲ. ಮೊನ್ನೆ ಗೆಳತಿಯ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ಕೆಂದು ಒಂದು ಹಾಲಿನ ಬಟ್ಟಲು ಕೊಳ್ಳಲು ನ್ಯಾಮತಿಯ ಪೇಟೆಗೆ ಹೋಗಿದ್ದೆ. ಅಂಗಡಿಯ ಮೂಲೆಯಿಂದ ಆ ಕರ್ರ್ ಎನ್ನುವ ಸದ್ದು ಬಂತು, ಅದರ ಹಿಂದೆಯೇ ಬಿಸಿಯಾದ ಸ್ಟೀಲಿನ ಸಣ್ಣ ವಾಸನೆ. ಬಟ್ಟಲನ್ನು ಕೈಯಲ್ಲಿ ಹಿಡಿದುಕೊಂಡೇ ನಾನು ನಮ್ಮಜ್ಜನ ಪಾತ್ರೆ ಅಂಗಡಿಗೆ ಹೋಗಿಬಿಟ್ಟೆ.

ಆಗ ನ್ಯಾಮತಿ ಇನ್ನೂ ತಾಲ್ಲೂಕಾಗಿರಲಿಲ್ಲ. ಮುಂದೆ ಅಂಗಡಿ, ಹಿಂದೆ ಮನೆ. ನಡುವೆ ಒಂದು ಪರದೆ. ಅಂಗಡಿಯ ಜಗಲಿಯಲ್ಲಿ ಮಷೀನು ಮುಂದಿಟ್ಟುಕೊಂಡು ನಬೀಸಾಬರು ಕೂರುತ್ತಿದ್ದರು. ನಮ್ಮಪ್ಪ ಚಡ್ಡಿ ಹಾಕುತ್ತಿದ್ದ ಕಾಲದಿಂದ, ಉಳಿ ಸುತ್ತಿಗೆಯಲ್ಲಿ ಹೆಸರು ಕೊರೆಯುತ್ತಿದ್ದ ಕಾಲದಿಂದ ಅವರು ಅಲ್ಲಿದ್ದವರು. ಯಾರ ಮಗಳ ಮದುವೆ, ಯಾರ ಮನೆಯ ಗೃಹಪ್ರವೇಶ, ಯಾವ ಮೇಷ್ಟ್ರ ನಿವೃತ್ತಿ, ಎಲ್ಲವೂ ಊರಿಗಿಂತ ಮೊದಲು ನಬೀಸಾಬರಿಗೆ ತಿಳಿಯುತ್ತಿತ್ತು. ಯಾರಿಗೆ, ಯಾವ ಕಾರ್ಯಕ್ಕೆ, ಯಾರ ಕಡೆಯಿಂದ ಎಂಬ ಮೂರು ಪ್ರಶ್ನೆ ಕೇಳದೆ ಅವರು ಮಷೀನಿನ ಗುಂಡಿ ಒತ್ತುತ್ತಿರಲಿಲ್ಲ. ಊರಿನ ಸಂತೋಷಕ್ಕೆಲ್ಲ ಅವರೇ ಗುಮಾಸ್ತರು. ನಿಮ್ಮ ಮನೆಯ ಅಟ್ಟದ ಮೇಲೂ ಅಂಥ ಪಾತ್ರೆಗಳಿರಬೇಕು. ಕೊಟ್ಟವರು ಹೋಗಿರುತ್ತಾರೆ, ಅಕ್ಷರ ಉಳಿದಿರುತ್ತದೆ.

ನಮ್ಮ ಮನೆಯಲ್ಲಿ ಎಲ್ಲರೂ ಅವರವರ ಹೆಸರಿನ ತಟ್ಟೆಯಲ್ಲೇ ಉಣ್ಣುತ್ತಿದ್ದೆವು. ನನ್ನ ತಟ್ಟೆ ನನ್ನ ನಾಮಕರಣದ್ದು, ಅಮ್ಮನದು ಮದುವೆಯದು, ಅಜ್ಜನದು ಅಂಗಡಿ ತೆರೆದ ದಿನದ್ದು. ಅಪ್ಪನ ಅಕ್ಕ ಗಂಗತ್ತೆಯದು ಮಾತ್ರ ಬರಿ ತಟ್ಟೆ. ಅತ್ತೆಗೆ ಮದುವೆಯಾಗಿರಲಿಲ್ಲ. ನೋಡಲು ಬಂದ ಗಂಡುಗಳೆಲ್ಲ ಉಪ್ಪಿಟ್ಟು ತಿಂದು ಕೈ ತೊಳೆದು ಹೋಗಿದ್ದರಂತೆ. ಕೊನೆಗೆ ಅತ್ತೆಯೇ ಉಪ್ಪಿಟ್ಟು ಮಾಡುವುದನ್ನು ನಿಲ್ಲಿಸಿದಳಂತೆ. ಅಂಗನವಾಡಿ ಟೀಚರ್ ಆಗಿದ್ದಳು. ನಮ್ಮ ಬೀದಿಯಲ್ಲಿ ಯಾರಿಗೆ ಸೀಮಂತವಾದರೂ, ಯಾವ ಮಗು ತೊಟ್ಟಿಲೇರಿದರೂ, ಹಸೆ ಬರೆಯಲು, ಮಣೆ ಹಾಕಲು, ಆರತಿ ತಟ್ಟೆ ಹಿಡಿದು ಬರಲು ಅತ್ತೆಯೇ ಬೇಕು. ಒಂದು ದಿನ ಊಟಕ್ಕೆ ಕುಳಿತಾಗ, ಅತ್ತೆಯ ತಟ್ಟೆಗೇಕೆ ಹೆಸರಿಲ್ಲ ಎಂದು ಕೇಳಿಬಿಟ್ಟೆ. ನನಗಾಗ ಹತ್ತು ವರ್ಷ, ನಾಲಿಗೆಗೆ ಲಗಾಮಿರಲಿಲ್ಲ.

ಅಜ್ಜಿ ಸಾರು ಬಡಿಸುತ್ತಲೇ, "ಅವಳ್ದು ಅಂತ ಒಂದು ಕಾರ್ಯ ಆಗಿದ್ರೆ ತಾನೆ, ಹೆಸರು ಹಾಕ್ಸಾಕೆ?" ಎಂದಳು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ಇದ್ದುದನ್ನು ಹೇಳಿದಳು. ಅತ್ತೆ ನಕ್ಕಳು, ಮಜ್ಜಿಗೆ ತರುತ್ತೇನೆಂದು ಎದ್ದು ಹೋದಳು, ಬಹಳ ಹೊತ್ತು ಬರಲಿಲ್ಲ. ಆ ಊಟ ನನಗೆ ಇವತ್ತಿಗೂ ಸರಿಯಾಗಿ ಇಳಿದಿಲ್ಲ. ಎಲ್ಲರ ದಿನಕ್ಕೂ ಓಡಾಡುವ ಅತ್ತೆಗೆ ತನ್ನದೆಂಬ ಒಂದು ದಿನ ಬರುವುದೇ ಇಲ್ಲವೇ ಎಂಬುದು ಅಂದಿನಿಂದ ನನ್ನ ತಲೆಗೆ ಹತ್ತಿಕೊಂಡಿತು.

ಮರುವರ್ಷ ಅತ್ತೆಯ ಕೆಲಸ ಪಕ್ಕದ ಹಳ್ಳಿಗೆ ಬಿತ್ತು. ಬಸ್ಸು ನಂಬಿಕೊಂಡರೆ ಮಕ್ಕಳು ಮನೆಗೆ ಹೋಗುವ ಹೊತ್ತಿಗೆ ಟೀಚರ್ ತಲುಪಬೇಕು, ಹಾಗಿತ್ತು ಪಾಡು. ಅತ್ತೆ ಒಂದು ಹಳೆಯ ಮೊಪೆಡ್ ತಂದಳು. ನಲವತ್ತು ದಾಟಿದ ಹೆಂಗಸು ಗಾಡಿ ಹತ್ತುವುದೇ ಎಂದು ಅಜ್ಜ ಎರಡು ದಿನ ಅವಳೊಡನೆ ಮಾತು ಬಿಟ್ಟ. ಕಣದಲ್ಲಿ ಕಲಿಯುವಾಗ ಎರಡು ಸಲ ಬಿದ್ದಳು, ಒಮ್ಮೆ ಹುಲ್ಲಿನ ಬಣವೆಗೇ ನುಗ್ಗಿದಳು. ಬೀದಿಗೆ ಬೀದಿಯೇ ನಕ್ಕಿತು. ಆಮೇಲೊಂದು ದಿನ ಯಾರಿಗೂ ಹೇಳದೆ ಒಬ್ಬಳೇ ಹೊನ್ನಾಳಿಗೆ ಹೊರಟುಬಿಟ್ಟಳು. ಅಜ್ಜ ಅವತ್ತು ಮಧ್ಯಾಹ್ನವೆಲ್ಲ ಅಂಗಡಿ ಬಾಗಿಲಲ್ಲಿ ನಿಂತು ಒಂದೇ ಕೊಳಗವನ್ನು ಒರೆಸಿದ್ದೇ ಒರೆಸಿದ್ದು. ಬಿಸಿಲು ಇಳಿಯುವಾಗ ಅತ್ತೆ ಬಂದಳು. ಹುಬ್ಬಿನವರೆಗೂ ಧೂಳು, ಚೀಲದಲ್ಲಿ ಅಮ್ಮನಿಗೆ ಬಳೆ, ಅಜ್ಜನಿಗೆ ನಶ್ಯದ ಡಬ್ಬಿ. ತನಗೇನೂ ತಂದುಕೊಂಡಿರಲಿಲ್ಲ.

ಅವತ್ತೇ ಸಂಜೆ ನಾನು ಅಂಗಡಿಯ ಕಪಾಟಿನಿಂದ ಒಂದು ಹೊಸ ತಟ್ಟೆ ಎಳೆದು ನಬೀಸಾಬರ ಮುಂದಿಟ್ಟೆ. ಯಾರಿಗೆ ಎಂದರು, ಗಂಗತ್ತೆಗೆ ಎಂದೆ. ಯಾವ ಕಾರ್ಯಕ್ಕೆ ಎಂದರು. ಅತ್ತೆ ಗಾಡಿ ಕಲಿತಳಲ್ಲ ಎಂದೆ. ಅಂಥದ್ದಕ್ಕೆಲ್ಲ ಯಾರು ಹೆಸರು ಹಾಕಿಸುತ್ತಾರೆ ಎಂದು ಗಲ್ಲಾಪೆಟ್ಟಿಗೆಯ ಬಳಿ ಕುಳಿತಿದ್ದ ಅಜ್ಜ ಗೊಣಗಿದ. ನಬೀಸಾಬರು ಕನ್ನಡಕ ಸರಿಮಾಡಿಕೊಂಡರು.

"ಒಬ್ರೇ ಹೊನ್ನಾಳಿಗೆ ಹೋಗಿ ಬಂದಾರೆ ಯಜಮಾನ್ರೇ. ಇದೂ ಒಂದು ಕಾರ್ಯನೇ ಐತಲ್ರೀ," ಎಂದರು. ಆಮೇಲೆ ಮೂರನೆಯ ಪ್ರಶ್ನೆಯನ್ನು ನನಗಲ್ಲ, ಅಜ್ಜನಿಗೇ ಕೇಳಿದರು. "ಯಾರ ಕಡೆಯಿಂದ ಅಂತ ಹಾಕ್ಲಿ?"

ಅಜ್ಜ ನಶ್ಯದ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದ. "ಅವರಪ್ಪನ ಕಡೆಯಿಂದ ಅಂತ ಹಾಕ್ರಿ," ಎಂದ.

ಅವರು ಯಾರೂ ಈಗಿಲ್ಲ. ಅಜ್ಜ, ಅಜ್ಜಿ, ನಬೀಸಾಬರು, ಒಬ್ಬರ ಹಿಂದೊಬ್ಬರು ಹೋದರು. ಅಂಗಡಿ ಕೈಬದಲಾಗಿ, ಮನೆ ಕೆಡವಿ, ಆ ಜಾಗದಲ್ಲಿ ಮೊಬೈಲ್ ಮಾರುತ್ತಾರೆ. ಇಪ್ಪತ್ತು ವರ್ಷ ಗಾಡಿ ಓಡಿಸಿ, ನಮ್ಮ ಬೀದಿಯ ಆರೇಳು ಹೆಣ್ಣುಮಕ್ಕಳಿಗೂ ಕಲಿಸಿ, ಎಂಬತ್ತು ದಾಟಿದ ಮೇಲೆ ಹೋದ ವರ್ಷ ಅತ್ತೆಯೂ ಹೋದಳು. ಆದರೂ ತಟ್ಟೆಗೆ ಹೆಸರು ಬಿದ್ದ ಮಾರನೆಯ ದಿನದ ಆ ಬೆಳಗನ್ನು ನೆನೆದಾಗ, ಬದುಕು ನಮಗೆ ಕಡಿಮೆಯದನ್ನೇನೂ ಕೊಡಲಿಲ್ಲ ಅನಿಸುತ್ತದೆ.

ಅವತ್ತು ಬೆಳಿಗ್ಗೆ ಅಮ್ಮ ನಡುಮನೆಯಲ್ಲಿ ಹಸೆ ಬರೆದು ಮಣೆ ಹಾಕಿದಳು. ಅಜ್ಜ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತ. ಬೇಡ, ನಾಚಿಕೆಯಾಗುತ್ತದೆ ಎನ್ನುತ್ತಿದ್ದ ಅತ್ತೆಯನ್ನು ಎಳೆದು ಕೂರಿಸಿದೆವು. "ಆರತಿ ತರ್ರೇ" ಎಂದು ಅಜ್ಜಿ ಕೂಗಿದಳು. ಕೂಗಿದ್ದೇ ತಡ, ಮಣೆಯ ಮೇಲಿದ್ದ ಅತ್ತೆ ದಡಕ್ಕನೆ ಎದ್ದು ಆರತಿ ತರಲು ಅಡುಗೆಮನೆಗೆ ಹೊರಟಳು. ನಾವೆಲ್ಲ ಗೊಳ್ಳೆಂದು ನಕ್ಕೆವು. ಆಮೇಲೆ ಯಾರಿಗೂ ನಗಲಾಗಲಿಲ್ಲ. ಅಜ್ಜಿ ಹೋಗಿ ಬಾಗಿಲಲ್ಲಿ ಅವಳ ಭುಜ ಹಿಡಿದಳು.

"ಮತ್ತೆ ಆರತಿ ಯಾರು ತರ್ತಾರವ್ವಾ?" ಎಂದಳು ಅತ್ತೆ.

"ನಾನು ತರ್ತೀನಿ. ನೀನು ಕುಂತ್ಕ."

ಮಂಡಿನೋವಿನ ಅಜ್ಜಿ ಗೋಡೆ ಹಿಡಿದುಕೊಂಡು ಒಳಗೆ ಹೋದಳು. ಅತ್ತೆ ತಿರುಗಿ ಬಂದು ಮಣೆಯ ಮೇಲೆ ಕುಳಿತಳು. ಹಿಡಿಯಲು ಏನೂ ಇಲ್ಲದ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಸೆರಗಿನೊಳಗಿಟ್ಟಳು, ತೆಗೆದಳು, ಕೊನೆಗೆ ಮಡಿಲಲ್ಲಿಟ್ಟುಕೊಂಡಳು. ಅಜ್ಜಿ ದೀಪ ಹಿಡಿದು ಬರುವುದು ಕಂಡೊಡನೆ, ಕುಂಕುಮಕ್ಕೆಂದು ಹಣೆಯನ್ನು ಮುಂದೆ ಮಾಡಿದಳು.