ಪಾರ್ಟಿಯನ್ನು ಕೇಳದೆ ಮಾಲು ಮಾರುವುದಿಲ್ಲ

೨೦೨೦ರ ಮಾರ್ಚ್ ತಿಂಗಳಲ್ಲಿ ನಾನು ಚಳ್ಳಕೆರೆಯ ಒಂದು ಷೇರು ದಲ್ಲಾಳಿ ಅಂಗಡಿಯಲ್ಲಿ ಡೀಲರ್ ಆಗಿದ್ದೆ. ಗ್ರಾಹಕರು ಫೋನಿನಲ್ಲಿ ಹೇಳಿದ ಖರೀದಿ, ಮಾರಾಟಗಳನ್ನು ಕಂಪ್ಯೂಟರಿನಲ್ಲಿ ಹಾಕುವವರನ್ನು ಡೀಲರ್ ಎನ್ನುತ್ತಾರೆ. ಅದೇ ಊರಿನ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿ ಸೇರಿದವಳಿಗೆ ಅದೇ ಮೊದಲ ಕೆಲಸ.

ಯಜಮಾನರ ಹೆಸರು ಚೆನ್ನಬಸಪ್ಪ. ಮೊದಲು ಅವರು ಶೇಂಗಾ ಎಣ್ಣೆಯ ದಲ್ಲಾಳಿ. ಊರಿನ ತುಂಬ ಮಿಲ್ಲುಗಳಿದ್ದ ಕಾಲದಲ್ಲಿ ಮಿಲ್ಲಿನವರಿಗೂ ವ್ಯಾಪಾರಿಗಳಿಗೂ ನಡುವೆ ನಿಂತು ದರ ಕುದುರಿಸುತ್ತಿದ್ದರು. ಹೊರಗಿನಿಂದ ಅಗ್ಗದ ಪಾಮ್ ಎಣ್ಣೆ ಬಂದು ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕಿದಾಗ, ಅದೇ ಅಂಗಡಿಯ ಅದೇ ಗಾದಿಯ ಮೇಲೆ ಕೂತು ಷೇರು ವ್ಯವಹಾರ ಶುರು ಮಾಡಿದರು. ಬೆಂಗಳೂರಿನ ದೊಡ್ಡ ಕಂಪನಿಯೊಂದರ ಕೈಕೆಳಗೆ ನಮ್ಮ ಅಂಗಡಿ ನಡೆಯುತ್ತಿತ್ತು. ಹೊರಗಿನ ಪಾಲುದಾರರು ಯಾರೂ ಇಲ್ಲ. ಲಾಭ ನಷ್ಟ ಎರಡೂ ಅವರ ಮನೆಯವೇ.

ವ್ಯಾಪಾರ ಬದಲಾದರೂ ಎಣ್ಣೆ ಬಜಾರಿನ ಎರಡು ರಿವಾಜುಗಳನ್ನು ಅವರು ಬಿಡಲಿಲ್ಲ. ಹಳೆಯ ಗ್ರಾಹಕರನ್ನು ಅವರು ‘ಪಾರ್ಟಿ’ ಎನ್ನುತ್ತಿದ್ದರು. ಪಾರ್ಟಿಯ ಹತ್ತಿರ ಮುಂಗಡ ಕೇಳುವುದು ಅವಮಾನ. ಪಾರ್ಟಿಯನ್ನು ಕೇಳದೆ ಅವನ ಮಾಲು ಮಾರುವುದು ದ್ರೋಹ. ಷೇರುಪೇಟೆಯ ನಿಯಮ ಇದಕ್ಕೆ ಪೂರ್ತಿ ಉಲ್ಟಾ. ಫ್ಯೂಚರ್ಸ್ ಎಂಬ ಮುಂಗಡ ಒಪ್ಪಂದ ಕೊಳ್ಳುವವರು ಬೆಲೆಯ ಒಂದು ಭಾಗವನ್ನು ಮಾರ್ಜಿನ್ ಎಂದು ಮೊದಲೇ ಇಡಬೇಕು. ಬೆಲೆ ಬಿದ್ದರೆ ಇನ್ನಷ್ಟು ತುಂಬಬೇಕು. ತುಂಬದಿದ್ದರೆ ಕಂಪನಿ ಯಾರನ್ನೂ ಕೇಳದೆ ಮಾರುತ್ತದೆ. ನಮ್ಮಲ್ಲಿ ಹಳೆಯ ಪಾರ್ಟಿಗಳು ಕಡಿಮೆ ಬಿದ್ದ ಮಾರ್ಜಿನ್ನಿಗೆ ಯಜಮಾನರು ತಮ್ಮ ಸ್ವಂತ ಷೇರುಗಳನ್ನೇ ಒತ್ತೆ ಇಡುತ್ತಿದ್ದರು.

ಹಾಗೆ ನಡೆಯುತ್ತಿದ್ದವರಲ್ಲಿ ಮೊಳಕಾಲ್ಮೂರಿನ ಓಬಣ್ಣ ಎಲ್ಲರಿಗಿಂತ ದೊಡ್ಡ ಪಾರ್ಟಿ. ರೇಷ್ಮೆ ಸೀರೆಯ ವ್ಯಾಪಾರಿ. ಬಾಯಿ ತುಂಬ ನಗು, ಮಾತಿನ ನಡುವೆ ತೆಲುಗು. ಅಂಗಡಿಗೆ ಬಂದಾಗೆಲ್ಲ ನನ್ನನ್ನು, “ಏನಮ್ಮಾ ಸುಧಾ, ಇವತ್ತು ನಿನ್ನ ಡಬ್ಬಿ ನಗ್ತೈತಾ, ಅಳ್ತೈತಾ?” ಎಂದು ಕಂಪ್ಯೂಟರ್ ತೋರಿಸಿ ಕೇಳುವರು.

ಮಾರ್ಚ್ ಹದಿಮೂರು, ಶುಕ್ರವಾರ. ಕೊರೋನಾ ಭಯಕ್ಕೆ ಪೇಟೆ ತೆರೆದ ಕೆಲವೇ ನಿಮಿಷಗಳಲ್ಲಿ ಹತ್ತು ಪರ್ಸೆಂಟ್ ಬಿತ್ತು. ಅಷ್ಟು ಬಿದ್ದರೆ ಇಡೀ ದೇಶದ ವಹಿವಾಟನ್ನು ಮುಕ್ಕಾಲು ಗಂಟೆ ನಿಲ್ಲಿಸುತ್ತಾರೆ. ಅದಕ್ಕೆ ಲೋವರ್ ಸರ್ಕ್ಯೂಟ್ ಎಂದು ಹೆಸರು. ಪರದೆಯ ಮೇಲಿನ ಅಂಕಿಗಳು ಸತ್ತಂತೆ ನಿಂತವು. ಬೆಂಗಳೂರಿನಿಂದ ಫೋನ್ ಬಂತು: ಓಬಣ್ಣನ ಖಾತೆಗೆ ದುಡ್ಡು ತುಂಬಿ, ಇಲ್ಲವೇ ಪೇಟೆ ತೆರೆದ ಕೂಡಲೇ ಅವರ ಒಪ್ಪಂದಗಳನ್ನು ಮಾರಿ ಕತ್ತರಿಸುತ್ತೇವೆ. ಓಬಣ್ಣ ದೇವಸಮುದ್ರದ ಕಡೆ ಹೋಗಿದ್ದರು, ಫೋನು ಸಿಗಲಿಲ್ಲ. “ನಾವೇ ಮಾರಿಬಿಡೋಣ ಯಜಮಾನ್ರೆ” ಎಂದೆ.

“ಪಾರ್ಟಿನ ಕೇಳ್ದಂಗೆ ಮಾಲು ಮಾರಿದ್ದು ನಮ್ಮ ಗಾದಿ ಮ್ಯಾಲೆ ಇಲ್ಲ ಕಣಮ್ಮ” ಎಂದವರು ತಮ್ಮ ಖಾತೆಯಲ್ಲಿದ್ದ ಉಳಿದ ಷೇರುಗಳಲ್ಲಿ ಬಹುಪಾಲನ್ನು ಒತ್ತೆಗೆ ಹಾಕಿಸಿದರು.

ಪೇಟೆ ಮತ್ತೆ ತೆರೆಯಿತು. ಮೇಲಕ್ಕೆ ಹತ್ತಿತು. ಸಂಜೆಯ ಹೊತ್ತಿಗೆ ಬಿದ್ದದ್ದೆಲ್ಲ ಬಂದು ಲಾಭವೂ ಉಳಿಯಿತು. ಮರುದಿನ ಓಬಣ್ಣ ಬಂದು ಯಜಮಾನರ ಕಾಲು ಮುಟ್ಟಿದರು. ಪಕ್ಕದಲ್ಲಿ ಸುಟ್ಟ ಮೋಟಾರು ರಿಪೇರಿಯ ವೈಂಡಿಂಗ್ ಅಂಗಡಿ ಇಟ್ಟಿದ್ದ ಇಸ್ಮಾಯಿಲ್ ಸಾಬರು ನಮಗೆಲ್ಲ ಟೀ ತರಿಸಿ, “ಯಜಮಾನ್ರು ಮಾರ್ಕೆಟ್‌ಗೇ ವೈಂಡಿಂಗ್ ಮಾಡ್ಸಿದ್ರು” ಎಂದು ನಗಾಡಿದರು. ನಾನೂ ನಕ್ಕೆ. ಆ ಗೆಲುವು ನಮಗೆ ಏನು ಮಾಡಿತು ಎಂಬುದು ಆಗ ಯಾರಿಗೂ ತಿಳಿಯಲಿಲ್ಲ. ಮುಂದಿನ ವಾರ ಪೇಟೆ ಮತ್ತೆ ಇಳಿಯುತ್ತಿದ್ದರೂ ಓಬಣ್ಣ ಇನ್ನಷ್ಟು ಕೊಂಡರು. ಊರಿನ ಇತರ ಪಾರ್ಟಿಗಳೂ ಕೊಂಡರು. ಯಜಮಾನರಲ್ಲಿ ಉಳಿದಿದ್ದ ಷೇರುಗಳೂ ಒತ್ತೆಗೆ ಹೋದವು.

ಇಪ್ಪತ್ತಮೂರು, ಸೋಮವಾರ. ಹಿಂದಿನ ದಿನವಷ್ಟೇ ಜನತಾ ಕರ್ಫ್ಯೂ ಮುಗಿದಿತ್ತು, ಬೀದಿಯಲ್ಲಿ ಅರ್ಧ ಅಂಗಡಿಗಳು ತೆರೆದಿರಲಿಲ್ಲ. ಬೆಳಿಗ್ಗೆ ಹತ್ತರ ಹೊತ್ತಿಗೆ ಮತ್ತೆ ಲೋವರ್ ಸರ್ಕ್ಯೂಟ್, ಮತ್ತೆ ಬೆಂಗಳೂರಿನ ಫೋನ್. ಈ ಸಲ ಒತ್ತೆ ಇಡಲು ಯಜಮಾನರ ಬಳಿ ಏನೂ ಉಳಿದಿರಲಿಲ್ಲ. ಓಬಣ್ಣ ಫೋನಿಗೆ ಸಿಕ್ಕರು. ಡೀಲರ್ ಮೇಜಿನ ಫೋನಿನಲ್ಲಿ ಆಡಿದ್ದೆಲ್ಲ ರೆಕಾರ್ಡ್ ಆಗಬೇಕೆಂಬುದು ನಿಯಮ. ಹೆಡ್‌ಫೋನಿನಲ್ಲಿ ನಾನೂ ಕೇಳುತ್ತಿದ್ದೆ.

“ಓಬಣ್ಣ, ನನ್ನ ಕೈ ಖಾಲಿ ಆಗೈತೆ. ಪೇಟೆ ತೆಗೆದ ತಕ್ಷಣ ಮಾರ್ಲಾ? ಇಲ್ಲಾಂದ್ರೆ ಬೆಂಗಳೂರಿನೋರೇ ಕತ್ತರಿಸ್ತಾರೆ.”

“ಮುಟ್ಟಬ್ಯಾಡ್ರಿ ಯಜಮಾನ್ರೆ! ಅವತ್ತು ಶುಕ್ರವಾರ ಎದ್ದಂಗೆ ಇವತ್ತೂ ಎದ್ದೇಳ್ತೈತೆ. ನೀವಿದ್ದೀರಲ್ಲ.” ಆಮೇಲೆ ದನಿ ತಗ್ಗಿತು. “ಹೆಂಡ್ರ ಒಡವೆ ಅಷ್ಟೂ ಅಡ ಇಟ್ಟು ಇದ್ರಾಗೆ ಹಾಕೀನಿ. ಮನ್ಯಾಗೆ ಯಾರ್ಗೂ ಗೊತ್ತಿಲ್ಲ. ಈಗ ಮಾರಿದ್ರೆ ನಾನು ಸತ್ತಂಗೆ.”

ಯಜಮಾನರು ಫೋನಿಟ್ಟರು. ನಾನು ಮಾರಾಟದ ಆರ್ಡರ್ ಸಿದ್ಧ ಮಾಡಿಟ್ಟು ಅವರ ಮುಖ ನೋಡಿದೆ. ಅವರು ಬೇಡವೆಂದು ತಲೆ ಅಲ್ಲಾಡಿಸಿದರು. ಪೇಟೆ ತೆರೆಯಿತು. ಏಳಲಿಲ್ಲ. ನನ್ನ ಕಣ್ಣೆದುರೇ ಪರದೆಯ ಮೇಲಿನ ಸಾಲುಗಳು ಒಂದೊಂದಾಗಿ ಸೊನ್ನೆಯಾದವು. ಬೆಂಗಳೂರಿನಲ್ಲಿ ಕೂತವರು ಮೊದಲು ಓಬಣ್ಣನ ಒಪ್ಪಂದಗಳನ್ನು ಮಾರಿದರು, ಆಮೇಲೆ ಊರಿನ ಇತರರವನ್ನು, ಕೊನೆಗೆ ನಷ್ಟ ತುಂಬಿಕೊಳ್ಳಲು ಯಜಮಾನರ ಷೇರುಗಳನ್ನು. ಎಣ್ಣೆ ದಲ್ಲಾಳಿಯ ಕಾಲದಿಂದ ಕೂಡಿಸಿದ್ದೆಲ್ಲ ಊಟದ ಹೊತ್ತಿಗೆ ಇರಲಿಲ್ಲ.

ಮಧ್ಯಾಹ್ನ ಜನ ಸೇರಿದರು. ಇಪ್ಪತ್ತು ಮೂವತ್ತು ಮಂದಿ ಇರಬಹುದು, ಕೆಲವರು ಮುಖಕ್ಕೆ ಕರವಸ್ತ್ರ ಕಟ್ಟಿದ್ದರು. ಓಬಣ್ಣ ಮೊಳಕಾಲ್ಮೂರಿನಿಂದ ಬೈಕಿನಲ್ಲಿ ಬಂದಿದ್ದರು, ಹಿಂದೆ ಅವರ ಹೆಂಡತಿಯ ಅಣ್ಣ. ನಾನು ಷಟರ್ ಎಳೆದುಬಿಟ್ಟಿದ್ದೆ. ಹೊರಗಿನಿಂದ ಕಲ್ಲಿನಲ್ಲಿ ಕುಟ್ಟುವ ಸದ್ದಿಗೆ ಒಳಗಿನ ಗಾಜುಗಳೆಲ್ಲ ನಡುಗುತ್ತಿದ್ದವು.

“ಕೇಳ್ದೆ ಮಾರ್ಯಾನೆ! ನನ್ನ ಒಂದು ಮಾತೂ ಕೇಳ್ದೆ ಮಾರ್ಯಾನೆ! ಅಂತಾ ಪೋಯಿಂದಿ, ಎಲ್ಲಾ ಹೋತು!” ಓಬಣ್ಣನ ದನಿ.

ದುಡ್ಡು ಹೋದಾಗ ಅಲುಗದ ಯಜಮಾನರು ಆ ಮಾತಿಗೆ ಎದ್ದು ನಿಂತರು. ನಾನು ಫೋನಿನ ರೆಕಾರ್ಡಿಂಗ್ ತೋರಿಸಿದೆ. “ಇದನ್ನ ಹಾಕಿ ಕೇಳಿಸೋಣ. ನೀವು ಕೇಳಿದ್ದು, ಅವರು ಬ್ಯಾಡ ಅಂದಿದ್ದು, ಎಲ್ಲಾ ಇದ್ರಲ್ಲೈತೆ.”

“ಬ್ಯಾಡ. ಅವನ ಭಾವ ಅಲ್ಲೇ ನಿಂತಾನೆ. ಪಾರ್ಟಿ ನಮ್ಮ ಹತ್ರ ಆಡಿದ ಮಾತು ಜನದ ಮುಂದೆ ಹಾಕ್ಬಾರ್ದು.”

“ಹೊರಗೆ ಹೋಗಬೇಡ್ರಿ, ಕೈ ಮುಗಿತೀನಿ. ಪೊಲೀಸರಿಗೆ ಹೇಳೀನಿ, ಬರ್ತಾ ಅವ್ರೆ.”

“ನಮ್ಮ ಪಾರ್ಟಿಗೆ ಪೊಲೀಸ್ ಯಾಕಮ್ಮಾ?” ಎಂದು ಷಟರ್ ಎತ್ತಿ ಹೊರಗೆ ಹೋದರು.

ಮುಂದಿನದು ಇವತ್ತಿಗೂ ನನ್ನ ಕಣ್ಣಿಗೆ ತಾನಾಗಿ ಬರುತ್ತದೆ, ತರಕಾರಿ ಹೆಚ್ಚುವಾಗ, ಬಸ್ಸಿನಲ್ಲಿ ಕೂತಾಗ. ಯಜಮಾನರು ಮೆಟ್ಟಿಲ ಮೇಲೆ ನಿಂತು, “ಓಬಣ್ಣ, ಒಳಗೆ ಬಾ, ಕೂತು ಮಾತಾಡಾನ” ಎಂದರು. ಓಬಣ್ಣ ಯಜಮಾನರ ಹೆಗಲ ಮೇಲಿನ ಟವೆಲ್ಲಿನ ಎರಡು ತುದಿ ಹಿಡಿದು ಕುತ್ತಿಗೆಗೆ ಸುತ್ತಿ ಎಳೆದರು. ಮೊದಲು ಯಾರಿಗೂ ಅರ್ಥವಾಗಲಿಲ್ಲ. ಜಗ್ಗಾಟ ಎಂದುಕೊಂಡರು. ಯಜಮಾನರ ಚಪ್ಪಲಿ ಕಳಚಿತು, ಮುಖ ಕಪ್ಪಗಾಯಿತು. ಇಸ್ಮಾಯಿಲ್ ಸಾಬರು ಓಡಿ ಬಂದು, “ಅರೇ ಛೋಡೋ ಭಾಯ್, ಹಿರೇಮನುಷ್ಯ, ಸತ್ತೋಗ್ತಾನೆ!” ಎಂದು ಓಬಣ್ಣನ ಬೆರಳು ಬಿಡಿಸಲು ನೋಡಿದರು. ದಿನವೂ ಮೋಟಾರು ಎತ್ತುವ ಕೈ ಅವರದು. ಆದರೂ ಆಗಲಿಲ್ಲ.

ನಾನು ಮೇಜಿಗೆ ಓಡಿ ಕಂಪ್ಯೂಟರ್ ಸ್ಪೀಕರಿನ ದನಿಯನ್ನು ಪೂರ್ತಿ ಏರಿಸಿ ರೆಕಾರ್ಡಿಂಗ್ ಹಾಕಿದೆ.

“ಮುಟ್ಟಬ್ಯಾಡ್ರಿ ಯಜಮಾನ್ರೆ” ಎಂದು ಓಬಣ್ಣನದೇ ದನಿ ಬೀದಿಗೆಲ್ಲ ಕೇಳಿಸಿತು. ಕೂಗಾಡುತ್ತಿದ್ದವರು ನಿಲ್ಲಿಸಿದರು. ಆದರೆ ಕೈ ಸಡಿಲವಾಗಲಿಲ್ಲ. ನಾನು ನಿಲ್ಲಿಸಲಿಲ್ಲ. “ಹೆಂಡ್ರ ಒಡವೆ ಅಷ್ಟೂ ಅಡ ಇಟ್ಟು” ಎಂಬುದು ಬಂದಾಗ ಓಬಣ್ಣ ಕೈ ಬಿಟ್ಟು, ಹಿಂತಿರುಗಿ, ಹೆಂಡತಿಯ ಅಣ್ಣನ ಮುಖ ನೋಡಿದರು. ಆತ ಬೈಕಿನ ಕೀಲಿ ಕೇಳಿ ತೆಗೆದುಕೊಂಡು ಒಬ್ಬನೇ ಹೊರಟುಹೋದ. ಓಬಣ್ಣ ಅಲ್ಲೇ ಮೆಟ್ಟಿಲ ಮೇಲೆ ಕುಸಿದರು. ಯಜಮಾನರು ಒಂದು ಪಕ್ಕ ಕೆಮ್ಮುತ್ತಾ, ಅವರು ಇನ್ನೊಂದು ಪಕ್ಕ.

ಪೊಲೀಸರು ಬಂದು ಜನರನ್ನು ಚದುರಿಸಿದರು. ಯಜಮಾನರು ದೂರು ಕೊಡಲಿಲ್ಲ. ಮಾತಾಡಲು ದನಿ ಬಂದ ಮೇಲೆ ನನ್ನನ್ನು ಕರೆದರು. “ನನ್ನ ಕುತ್ತಿಗೆ ಉಳಿಸ್ದೆ ಕಣಮ್ಮ, ನೂರು ವರ್ಷ ಬಾಳು. ಅಂಗಡಿ ಮಾತ್ರ ನೀನೇ ಮುಚ್ಚಿಸ್ದೆ. ಇನ್ನು ಯಾವ ಪಾರ್ಟಿ ನನ್ನ ಹತ್ರ ಬಾಯಿ ಬಿಡ್ತಾನೆ?” ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಅಂಗಡಿ ಮತ್ತೆ ತೆರೆಯಲಿಲ್ಲ. ಓಬಣ್ಣನ ಹೆಂಡತಿ ಮಕ್ಕಳನ್ನು ಕರೆದುಕೊಂಡು ರಾಯದುರ್ಗದ ತವರಿಗೆ ಹೋದರೆಂದು ಲಾಕ್‌ಡೌನ್ ನಡುವೆಯೇ ಸುದ್ದಿ ಬಂತು. ಪೇಟೆ ಕೆಲವೇ ದಿನಗಳಲ್ಲಿ ಏಳಲು ಶುರುವಾಗಿ ವರ್ಷ ತುಂಬುವುದರೊಳಗೆ ಎಲ್ಲಿಂದ ಬಿದ್ದಿತ್ತೋ ಅದಕ್ಕಿಂತ ಮೇಲೆ ಹೋಯಿತು. ಓಬಣ್ಣನ ಲೆಕ್ಕಾಚಾರ ತಪ್ಪಿರಲಿಲ್ಲ, ಯಜಮಾನರದೂ ತಪ್ಪಿರಲಿಲ್ಲ. ಅಲ್ಲಿಯವರೆಗೆ ಕಾಯಲು ಇಬ್ಬರ ಬಳಿಯೂ ಏನೂ ಉಳಿದಿರಲಿಲ್ಲ, ಅಷ್ಟೇ. ಆ ಸ್ಪೀಕರ್ ಹಾಕಿದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಮತ್ತೆ ಅದೇ ಗಳಿಗೆ ಬಂದರೆ ಮತ್ತೆ ಹಾಕುತ್ತೇನೆ. ಆದರೆ ನಿದ್ದೆಯಲ್ಲಿ ಈಗಲೂ ನನಗೆ ಯಜಮಾನರ ಮುಖಕ್ಕಿಂತ ಓಬಣ್ಣನ ಆ ಭಾವನ ಮುಖವೇ ಹೆಚ್ಚು ಕಾಣುತ್ತದೆ.

ಈಗ ನಾನು ಚಿತ್ರದುರ್ಗದಲ್ಲಿ ಇನ್ನೊಂದು ಸಂಸ್ಥೆಯ ಶಾಖೆ ನೋಡಿಕೊಳ್ಳುತ್ತೇನೆ. ಕೆಲಸ ನನಗೆ ಕಲಿಸಿದ್ದು ಒಂದೇ: ಮನುಷ್ಯನಿಗೆ ಕೊಡಬೇಕಾದ ಅವಮಾನವನ್ನು ಮೊದಲ ದಿನವೇ ಕೊಟ್ಟುಬಿಡಬೇಕು, ಅದು ಇನ್ನೂ ಚಿಕ್ಕದಿರುವಾಗ. ಮೊನ್ನೆ ನನ್ನಿವಾಳದ ಕಡೆಯ ಬೋರ್‌ವೆಲ್ ಲಾರಿಯ ಮಾಲೀಕರೊಬ್ಬರು ಬಂದಿದ್ದರು. ಫ್ಯೂಚರ್ಸ್ ಬೇಕು, ಮಾರ್ಜಿನ್ ವಾರ ಬಿಟ್ಟು ಕೊಡುತ್ತೇನೆ ಎಂದರು. ಆಗುವುದಿಲ್ಲ ಎಂದೆ.

“ನನ್ನ ಮ್ಯಾಲೆ ಅಷ್ಟೂ ನಂಬಿಕೆ ಇಲ್ವೇನ್ರಿ ಮೇಡಂ?”

“ಇಲ್ಲ ಸರ್.”

ಕುರ್ಚಿ ಹಿಂದಕ್ಕೆ ತಳ್ಳಿ ಎದ್ದರು. ಇಂಥ ಆಫೀಸನ್ನು ಎಲ್ಲೂ ನೋಡಿಲ್ಲ ಎಂದು ಬೈಯುತ್ತಾ ಬಾಗಿಲನ್ನು ದಢಾರನೆ ಹಾಕಿಕೊಂಡು ಹೋದರು. ನಾನು ಕಿಟಕಿಯ ಹತ್ತಿರ ಹೋಗಿ, ಅವರು ಮೆಟ್ಟಿಲಿಳಿದು, ರಸ್ತೆ ದಾಟಿ, ಆರಾಮಾಗಿ ಟೀ ಅಂಗಡಿಯೊಳಗೆ ಹೋಗುವವರೆಗೂ ನೋಡುತ್ತ ನಿಂತೆ.