ಎದುರು ಮನೆ ಅಕ್ಕನ ಮೈದಾ ಅಂಟು

ಬೊಂಬೆ ಕೂರಿಸುವ ಮೆಟ್ಟಿಲಿಗೆ ಬಣ್ಣದ ಕಾಗದ ಅಂಟಿಸಬೇಕಿತ್ತು. ಗೋಂದು ಮುಗಿದಿತ್ತು, ಅಂಗಡಿಗೆ ಹೋಗಲು ಮಂಡಿ ಒಪ್ಪಲಿಲ್ಲ. ಒಂದು ಹಿಡಿ ಮೈದಾಹಿಟ್ಟನ್ನು ನೀರಿನಲ್ಲಿ ಕದಡಿ ಒಲೆಯ ಮೇಲಿಟ್ಟೆ. ಕುದಿ ಬಂದು ಆ ವಾಸನೆ ಅಡುಗೆಮನೆ ತುಂಬಿದ್ದೇ ತಡ, ಸೌಟು ಹಿಡಿದ ಕೈ ನಿಂತಿತು. ಎದುರು ಮನೆ ಅಕ್ಕ ಈಗ ಹಿಂದೆ ಬಂದು ನಿಂತು "ಗಂಟಾಗ್ಬಾರ್ದು ಕಣೇ" ಅನ್ನುತ್ತಾರೇನೋ ಅನ್ನಿಸಿತು...

ನಾನು ಕುರುಬರಹಳ್ಳಿಗೆ ಸೊಸೆಯಾಗಿ ಬಂದ ಹೊಸತು. ಅಕ್ಕ ರಾಜಾಜಿನಗರದ ಕಡೆ ಒಂದು ಗಾರ್ಮೆಂಟ್ಸ್‌ನಲ್ಲಿ ಟೈಲರ್ ಆಗಿದ್ದರು. ಹೆರಿಗೆ ಮುಗಿಸಿ, ಕೂಸನ್ನು ತಾಯಿಯ ಹತ್ತಿರ ಬಿಟ್ಟು ಕೆಲಸಕ್ಕೆ ಮರಳಿದಾಗ, ಮಿಷನ್ ಮುಂದೆ ಕೂತಲ್ಲೇ ಎದೆಹಾಲು ಇಳಿದು ರವಿಕೆ ನೆನೆದುಹೋಗುತ್ತಿತ್ತು. ಒಂದು ದಿನ ಸೂಪರ್‌ವೈಸರ್ ಅದನ್ನು ಎಲ್ಲರೆದುರು ತೋರಿಸಿ ನಕ್ಕನಂತೆ. ಅಂದಿನಿಂದ ಅಕ್ಕ ಒಂದೇ ಹಟ ಹಿಡಿದರು. ಕಾರ್ಖಾನೆಯೊಳಗೆ ಮಕ್ಕಳಿಗೊಂದು ಕೋಣೆ ಬೇಕು, ತಾಯಂದಿರು ಎದ್ದು ಹೋಗಿ ಹಾಲು ಕೊಟ್ಟು ಬರುವಂತಿರಬೇಕು. ಕಾನೂನಿನಲ್ಲಿ ಅದು ಮೊದಲೇ ಇತ್ತಂತೆ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ! ಅಕ್ಕ ಕಾರ್ಮಿಕರ ಸಂಘ ಸೇರಿ, ಗೋಡೆ ಗೋಡೆಗೆ ಪೋಸ್ಟರ್ ಅಂಟಿಸತೊಡಗಿದರು.

ಅವರ ಗಂಡನಿಗೆ ಇದೆಲ್ಲ ಹಿಡಿಸದು. ಹಾಗಾಗಿ ಪೋಸ್ಟರಿನ ಅಂಟು ಕುದಿಯುತ್ತಿದ್ದುದು ನಮ್ಮ ಒಲೆಯ ಮೇಲೆ. "ಊರಿಗೆ ಉಪಕಾರಿ, ಮನೆಗೆ ಮಾರಿ" ಎಂದು ನಮ್ಮತ್ತೆ ಮೂಗು ಮುರಿಯುತ್ತಲೇ ಸೌಟು ಕಸಿದುಕೊಂಡು ತಾವೇ ತಿರುವುತ್ತಿದ್ದರು. ನನ್ನ ಕೈಯಲ್ಲಿ ಗಂಟಾಗುತ್ತದೆಂದು ಅವರಿಗೆ ಖಾತ್ರಿಯಿತ್ತು.

ಅಂಟಿಸಿದ ಪೋಸ್ಟರುಗಳು ಮಾತ್ರ ನಿಲ್ಲುತ್ತಿರಲಿಲ್ಲ. ಬೀದಿ ಹಸುಗಳು ಮೈದಾ ರುಚಿಗೆ ನೆಕ್ಕಿ, ಕಾಗದ ಸಮೇತ ತಿಂದುಬಿಡುತ್ತಿದ್ದವು. ಸಂಘದ ಗಂಡಸರು ಅಂಟಿಗೆ ಮೈಲುತುತ್ತ ಬೆರೆಸಿ ಅಂದರು. ಅಕ್ಕ ಸುತರಾಂ ಒಪ್ಪಲಿಲ್ಲ.

"ಅದೂ ಹಾಲು ಕೊಡೋ ತಾಯೇ ಅಲ್ವೇನ್ರೀ? ಅದಕ್ಕೆ ವಿಷ ಹಾಕಿ ನಾವ್ ಯಾವ ನ್ಯಾಯ ಕೇಳೋದು?"

ಕೊನೆಗೆ ಅತ್ತೆಯೇ ಡಬ್ಬಿಯಿಂದ ಖಾರದಪುಡಿ ತೆಗೆದು ಸುರಿದರು. ಹಸುಗಳು ದೂರ ಸರಿದವು ನಿಜ, ಆದರೆ ಅಂಟಿಸಿದವರ ಕೈ ಸಂಜೆಯಾದರೂ ಉರಿಯುತ್ತಿತ್ತು. ಕೂಸನ್ನು ಮುಟ್ಟಲಾರದೆ ಅಕ್ಕ ನಮ್ಮ ಜಗಲಿಯಲ್ಲಿ ಕೂತಿದ್ದರು. ಅತ್ತೆ ಅವರ ಅಂಗೈಗೆ ಮಜ್ಜಿಗೆ ಸವರುತ್ತಾ ಬೈದರು, ಆಮೇಲೆ ಇಬ್ಬರೂ ನಕ್ಕರು. ಹೋರಾಟಗಾರರೆಂದರೆ ಸದಾ ಮುಷ್ಟಿ ಎತ್ತಿ ಕೂಗುವವರೆಂದು ನಾನು ತಿಳಿದಿದ್ದೆ. ಹತ್ತಿರದಿಂದ ಕಂಡದ್ದು ಹೆಚ್ಚಾಗಿ ಸುಸ್ತು.

ಅಕ್ಕನನ್ನು ಕೆಲಸದಿಂದ ತೆಗೆದರು. ಕೇಸು ನಡೆಯಿತು, ಮಾತುಕತೆ ಮುರಿಯಿತು, ಮತ್ತೆ ಕೂಡಿತು. ಅಂತೂ ಕೋಣೆ ಆಯಿತು, ಅಕ್ಕನ ಕೆಲಸ ಮಾತ್ರ ಮರಳಿ ಸಿಗಲಿಲ್ಲ. ಅಷ್ಟರಲ್ಲಿ ಅವರ ಮಗ ಸ್ಕೂಲಿಗೆ ಹೋಗುತ್ತಿದ್ದ. ಕೋಣೆ ತೆರೆದ ದಿನ ನಾನೂ ಜೊತೆಗೆ ಹೋಗಿದ್ದೆ. ವಾಚ್‌ಮನ್ ಒಳಗೆ ಬಿಡಲಿಲ್ಲ. ಅಕ್ಕ ಜಗಳ ಮಾಡಲಿಲ್ಲ, ಗೇಟಿನ ತಗಡಿಗೆ ಕಿವಿ ಕೊಟ್ಟು ನಿಂತರು.

"ಕೇಳಿಸ್ತೇನೇ? ಯಾವ್ದೋ ಮಗು ಅಳ್ತಾ ಇದೆ."

ನನಗೆ ಮಿಷನ್ನುಗಳ ಸದ್ದು ಬಿಟ್ಟು ಏನೂ ಕೇಳಿಸಲಿಲ್ಲ. ಹೂಂ ಅಂದೆ. ಆಮೇಲೆ ಅಕ್ಕ ಮನೆಯಲ್ಲೇ ಸೀರೆಗೆ ಫಾಲ್ಸ್ ಹೊಲಿದುಕೊಂಡು ಬದುಕಿದರು. ಈಗ ಅಕ್ಕನೂ ಇಲ್ಲ, ಅತ್ತೆಯೂ ಇಲ್ಲ. ಕಾರ್ಖಾನೆ ಊರಾಚೆ ಹೋಗಿ, ಆ ಜಾಗದಲ್ಲಿ ಅಪಾರ್ಟ್‌ಮೆಂಟ್ ಎದ್ದಿದೆ.

ಮೆಟ್ಟಿಲಿಗೆ ಕಾಗದ ಅಂಟಿಸಿ ಮುಗಿಸುವ ಹೊತ್ತಿಗೆ ನಮ್ಮ ಕೆಲಸದ ಹುಡುಗಿ ಬಂದಳು. ಆ ಅಪಾರ್ಟ್‌ಮೆಂಟಿನ ಮನೆಗಳನ್ನು ಮುಗಿಸಿ ಬರುವವಳು. ನನಗೆ ಬೆನ್ನು ಹಾಕಿ, ಸೆರಗನ್ನು ಮತ್ತೆ ಮತ್ತೆ ಎಳೆದುಕೊಳ್ಳುತ್ತಿದ್ದಳು. ಅವಳ ರವಿಕೆ ಒದ್ದೆಯಾಗಿತ್ತು.

"ಮಗೂನ ಕರ್ಕೊಂಡ್ ಬಾರಮ್ಮ," ಅಂದೆ.

"ಇಲ್ಲಿಗೇನೋ ತರ್ಬೋದು ಆಂಟಿ. ಅಲ್ಲಿ ಗೇಟಲ್ಲೇ ತಡೀತಾರೆ."

ಅದೇ ಜಾಗ, ಅದೇ ಗೇಟು. ಅಷ್ಟೆಲ್ಲ ಕುದಿಸಿದ್ದು ಎಲ್ಲಿ ಹೋಯಿತು ಅಕ್ಕಾ... ಅಂಟು ಇನ್ನೂ ಉಳಿದಿದ್ದ ಪಾತ್ರೆ ತೊಳೆಯಲು ಅವಳು ಕೈ ಚಾಚಿದಳು. ಬೇಡ, ಇರಲಿ ಬಿಡು ಅಂದೆ. ಅದನ್ನು ಹಿಡಿದು ಗೋಡೆಯ ಬಳಿ ಹೋಗಲು ಅಕ್ಕ ಇಲ್ಲ, ನನ್ನ ಮಂಡಿಯಲ್ಲಿ ಶಕ್ತಿಯಿಲ್ಲ. ಆದರೂ ತೊಳೆಯಲು ಕೊಡಲಾಗಲಿಲ್ಲ.